ಪೆಟ್ಟಿಗೆ ತಕ್ಕ ಪೆಟ್ಟಿಗೆ

ಕಳೆದ ಬೇಸಿಗೆಯಲ್ಲಿ ನಮ್ಮಕ್ಕ ಹಲಸಿನಹಣ್ಣು ಹೆಚ್ಚುತ್ತಿದ್ದಾಗ ಕತ್ತಿ ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಮೇಣ ಮೆತ್ತಿದ ಕೈ, ಎಣ್ಣೆ ಸವರಿದ ಕತ್ತಿ. ಜಾರುವುದಕ್ಕೆ ಇನ್ನೇನು ಬೇಕು? ನಾನು ಓಡಿಹೋಗಿ ಫ್ರಿಜ್ ಮೇಲಿದ್ದ ಫಸ್ಟ್ ಏಡ್ ಡಬ್ಬಿ ಇಳಿಸಿದೆ. ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ ಅದು. ಮುಚ್ಚಳ ಕೂರದಷ್ಟು ತುಂಬಿತ್ತು. ಅರ್ಧ ಉಳಿದ ಮಾತ್ರೆ ಪಟ್ಟಿಗಳು, ತಳದಲ್ಲೇ ಒಣಗಿದ ಟಿಂಚರ್ ಬಾಟಲಿ, ಯಾವ ಕಾಲದ್ದೋ ಕೆಮ್ಮಿನ ಸಿರಪ್, ಒಂದು ಹಿಡಿ ಬ್ಯಾಂಡ್‌ಏಡ್. ಆ ಹೊತ್ತಿಗೆ ಬೇಕಾಗಿದ್ದು ಗಾಯದ ಮೇಲೆ ಒತ್ತಿ ಹಿಡಿಯಲು ಅಂಗೈ ಅಗಲದ ಶುಭ್ರ ಬಟ್ಟೆ. ಅದೊಂದೇ ಇರಲಿಲ್ಲ. ಕೊನೆಗೆ ಒಗೆದು ಮಡಿಸಿಟ್ಟಿದ್ದ ಅಪ್ಪನ ಪಂಚೆ ಹರಿದು ಒತ್ತಿಕೊಂಡು ಆಸ್ಪತ್ರೆಗೆ ಹೋದೆವು. ಐದು ಹೊಲಿಗೆ ಬಿದ್ದವು.

ಆ ಡಬ್ಬಿಯನ್ನು ಚಿಕ್ಕದು ಎನ್ನುವಂತಿರಲಿಲ್ಲ. ಅದನ್ನು ತುಂಬಿದ ನಮ್ಮ ಲೆಕ್ಕ ತಪ್ಪಿತ್ತು. ಹೊಸದು ಕೊಳ್ಳಲು ಹೊರಟಾಗ ಮೆಡಿಕಲ್ ಶಾಪಿನಲ್ಲಿ, ಮನೆಯಲ್ಲಿ, ಗೆಳೆಯರ ಬಾಯಲ್ಲಿ ಕೇಳಿಬಂದ ಸಲಹೆಗಳಲ್ಲೂ ಅದೇ ತಪ್ಪು ಲೆಕ್ಕಗಳು ಇಣುಕಿದವು. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ದೊಡ್ಡ ಕಿಟ್ ಕೊಂಡುಬಿಟ್ಟರೆ ಎಲ್ಲದಕ್ಕೂ ಆಗುತ್ತದೆ.

ವಾಸ್ತವ: ಕಿಟ್‌ಗಳ ಮೇಲೆ ‘100 ವಸ್ತುಗಳು’, ‘200 ವಸ್ತುಗಳು’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಆ ಎಣಿಕೆಯಲ್ಲಿ ಒಂದೊಂದು ಬ್ಯಾಂಡ್‌ಏಡೂ ಒಂದು ವಸ್ತು, ಒಂದೊಂದು ಪಿನ್ನೂ ಒಂದು ವಸ್ತು, ಸ್ಪಿರಿಟ್ ಅದ್ದಿದ ಒಂದೊಂದು ಚೂರೂ ಒಂದು ವಸ್ತು. ಬ್ಯಾಂಡ್‌ಏಡ್ ಅಗ್ಗ, ಜಾಗವನ್ನೂ ಹಿಡಿಯದು. ಸಂಖ್ಯೆ ಹಿಗ್ಗಿಸಲು ಅದಕ್ಕಿಂತ ಸುಲಭದ ಸಾಮಾನು ಇನ್ನೊಂದಿಲ್ಲ.

ಪೆಟ್ಟಿಗೆಯನ್ನು ತಿರುಗಿಸಿ ಹಿಂದಿನ ಪಟ್ಟಿ ಓದಿ. ಅಂಗೈ ಮುಚ್ಚುವಷ್ಟು ದೊಡ್ಡ ಡ್ರೆಸಿಂಗ್ ಪ್ಯಾಡ್ ಎಷ್ಟಿವೆ? ಸುತ್ತುವ ಬ್ಯಾಂಡೇಜ್ ರೋಲ್ ಎಷ್ಟಿವೆ? ಆಳವಾದ ಒಂದೇ ಗಾಯಕ್ಕೆ ಎರಡು ಮೂರು ಪ್ಯಾಡ್ ಹೋಗಿಬಿಡಬಹುದು. ಹಾಗಾಗಿ ‘ಎಷ್ಟು ವಸ್ತು ಇವೆ’ ಎಂದು ಎಣಿಸುವ ಬದಲು ‘ಇದರಿಂದ ಎಷ್ಟು ಗಾಯ ಕಟ್ಟಬಹುದು’ ಎಂದು ಕೇಳಿಕೊಳ್ಳಬೇಕು. ದೊಡ್ಡ ಪೆಟ್ಟಿಗೆಗೆ ಇನ್ನೊಂದು ತೊಡಕೂ ಇದೆ. ಕೈ ನಡುಗುತ್ತಿರುವಾಗ ಇಪ್ಪತ್ತು ಬೇಡದ ಪೊಟ್ಟಣ ಸರಿಸಿ ಬೇಕಾದ ಒಂದನ್ನು ಹುಡುಕಬೇಕು. ಭಾರವೆಂದು ಪ್ರವಾಸಕ್ಕೆ ಹೊರಟಾಗ ಮನೆಯಲ್ಲೇ ಬಿಟ್ಟುಹೋಗುವುದೂ ಇಂಥದ್ದನ್ನೇ.

ತಪ್ಪು ಕಲ್ಪನೆ 2: ಎಷ್ಟು ಜನರೋ ಅಷ್ಟು ದೊಡ್ಡ ಪೆಟ್ಟಿಗೆ. ಲೆಕ್ಕ ಅಷ್ಟೇ.

ವಾಸ್ತವ: ತಲೆ ಎಣಿಕೆ ಬೇಕು, ಆದರೆ ಅದು ಲೆಕ್ಕದ ಮೊದಲ ಸಾಲು ಮಾತ್ರ. ನಮ್ಮ ಕಾನೂನೂ ಅಲ್ಲಿಂದಲೇ ಶುರುಮಾಡಿತ್ತು. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮಿನಲ್ಲಿ, 150 ಕೆಲಸಗಾರರಿಗೆ ಒಂದಕ್ಕೆ ಕಡಿಮೆಯಿಲ್ಲದಂತೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕು, 500ಕ್ಕಿಂತ ಹೆಚ್ಚು ಜನರಿದ್ದರೆ ಆಂಬುಲೆನ್ಸ್ ಕೊಠಡಿಯೇ ಬೇಕು ಎಂದಿತ್ತು. ಅದರಡಿ ಬಂದ ನಿಯಮಗಳಲ್ಲಿ ಪೆಟ್ಟಿಗೆಗೆ ಮೂರು ಅಳತೆ: 10 ಜನರವರೆಗೆ ಒಂದು, 50ರವರೆಗೆ ಇನ್ನೊಂದು, ಅದಕ್ಕೂ ಮೇಲೆ ಮತ್ತೊಂದು. ಸಣ್ಣ ಡ್ರೆಸಿಂಗ್‌ಗಳ ಸಂಖ್ಯೆ 6, 12, 24 ಎಂದು ಇಮ್ಮಡಿಯಾಗುತ್ತ ಹೋಗುತ್ತಿತ್ತು.

ಎರಡನೆಯ ಸಾಲು, ಆ ಜನ ಮಾಡುವ ಕೆಲಸ. ಬ್ರಿಟನ್ನಿನ ಬಿಎಸ್ 8599-1 ಎಂಬ ಮಾನದಂಡ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಚೇರಿ, ಅಂಗಡಿಯಂಥ ಅಪಾಯ ಕಡಿಮೆ ಇರುವ ಜಾಗದಲ್ಲಿ 25 ಜನರೊಳಗಿದ್ದರೆ ಅಲ್ಲಿ ಸಣ್ಣ ಪೆಟ್ಟಿಗೆ ಸಾಕು. ಯಂತ್ರ, ಹರಿತ ಹತ್ಯಾರ, ಕಟ್ಟಡ ಕೆಲಸ ಇರುವಲ್ಲಿ ಅದೇ ಸಣ್ಣ ಪೆಟ್ಟಿಗೆ 5 ಜನರೊಳಗೆ ಮಾತ್ರ. ಪೆಟ್ಟಿಗೆ ಒಂದೇ, ಕೆಲಸ ಬದಲಾದ ಕೂಡಲೇ ಅದು ಕಾಯುವ ಜನರ ಸಂಖ್ಯೆ ಐದನೇ ಒಂದಕ್ಕೆ ಇಳಿಯಿತು.

ಮೂರನೆಯ ಸಾಲನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಅದು ದೂರ. ಕಿಲೋಮೀಟರಿಗಿಂತ ನಿಮಿಷದಲ್ಲಿ ಅಳೆಯಬೇಕಾದ ದೂರ. ಮಾರಾಟಕ್ಕೆಂದು ಫಸ್ಟ್ ಏಡ್ ಕಿಟ್ ಹುಟ್ಟಿಕೊಂಡಿದ್ದೇ ಈ ದೂರದಿಂದ. 1888ರಲ್ಲಿ ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಮೊದಲ ಕಿಟ್‌ಗಳನ್ನು ಮಾಡಿದ್ದು ರೈಲು ಹಾದಿ ಹಾಕುವ ಕಾರ್ಮಿಕರಿಗಾಗಿ. ಬಯಲಿನ ನಡುವೆ ಕೈಗೆ ಪೆಟ್ಟಾದರೆ ಡಾಕ್ಟರ ಬಳಿ ಮುಟ್ಟುವವರೆಗೆ ಏನು ಗತಿ ಎಂಬ ಪ್ರಶ್ನೆಗೆ ಉತ್ತರವಾಗಿ ಆ ಪೆಟ್ಟಿಗೆ ಬಂತು.

ಈ ಮೂರನ್ನೂ ಕೂಡಿಸಿ ನೋಡಿ. ಬೆಂಗಳೂರಿನ ಜಯನಗರದಲ್ಲಿ ಮೂವತ್ತು ಜನ ಕಂಪ್ಯೂಟರ್ ಮುಂದೆ ಕೂರುವ ಕಚೇರಿ. ಕೆಳಗಿಳಿದರೆ ಮೆಡಿಕಲ್ ಶಾಪ್, ಮುಂದಿನ ತಿರುವಿನಲ್ಲಿ ನರ್ಸಿಂಗ್ ಹೋಮ್. ಇನ್ನೊಂದು ಕಡೆ ತೀರ್ಥಹಳ್ಳಿ ಆಚೆ, ಘಟ್ಟದ ಅಂಚಿನಲ್ಲಿ ನಾಲ್ಕೇ ಜನರಿರುವ ಒಂಟಿಮನೆ. ಸುತ್ತ ಅಡಿಕೆ ತೋಟ, ಕೊನೆ ಇಳಿಸುವ ಕೆಲಸ, ಸುಲಿಯಲು ಮೆಟ್ಟುಗತ್ತಿ, ಕಳೆ ಕತ್ತರಿಸುವ ಯಂತ್ರ, ಮಳೆಗಾಲದಲ್ಲಿ ಕೆಸರಾಗುವ ಮಣ್ಣುರಸ್ತೆ. ದೊಡ್ಡ ಪೆಟ್ಟಿಗೆ ಬೇಕಾದ್ದು ನಾಲ್ಕು ಜನರ ಈ ಮನೆಗೆ. ಕಚೇರಿಗೆ ನಡುವಿನದು ಧಾರಾಳ.

ತಪ್ಪು ಕಲ್ಪನೆ 3: ಮನೆಗೆ ಒಂದೇ ಪೆಟ್ಟಿಗೆ ಸಾಕು.

ವಾಸ್ತವ: ಪೆಟ್ಟು ಪೆಟ್ಟಿಗೆ ಇರುವ ಕಡೆಯೇ ಆಗಬೇಕಲ್ಲ! ಅಡುಗೆಮನೆಯ ಕಪಾಟಿನಲ್ಲಿರುವ ಡಬ್ಬಿ ತೋಟದ ಪಂಪ್‌ಹೌಸಿನಲ್ಲಿ ಬೆರಳು ಜಜ್ಜಿಕೊಂಡವನಿಗೆ ಒದಗುವುದಿಲ್ಲ. ಒಂದು ದೊಡ್ಡದರ ಹಣದಲ್ಲಿ ಮನೆಗೆ ನಡುವಿನದೊಂದು, ವಾಹನಕ್ಕೊಂದು, ಬ್ಯಾಗಿಗೆ ಅಂಗೈಗಾತ್ರದ್ದೊಂದು ಎಂದು ಹಂಚುವುದು ಜಾಣತನ. ಶಾಲೆ, ವರ್ಕ್‌ಶಾಪ್‌ಗಳಿಗೂ ಇದೇ ಮಾತು. ಮಹಡಿಗೊಂದು, ಪ್ರಯೋಗಾಲಯಕ್ಕೊಂದು, ಆಟದ ಮೈದಾನಕ್ಕೆ ಒಯ್ಯಲು ಒಂದು ಇರಲಿ. ಎಲ್ಲವನ್ನೂ ಮುಖ್ಯೋಪಾಧ್ಯಾಯರ ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ಮಗು ಬಿದ್ದಾಗ ಮೊದಲು ಬೀಗದಕೈ ಹುಡುಕಬೇಕಾಗುತ್ತದೆ. ಚಿಕ್ಕ ಮಕ್ಕಳಿಗೆ ನಿಲುಕಬಾರದು, ದೊಡ್ಡವರು ಕೈಚಾಚಿದರೆ ಸಿಗಬೇಕು. ಬೀಗ ಬೇಡ.

ತಪ್ಪು ಕಲ್ಪನೆ 4: ಕಾರಿನ ಜೊತೆ ಕಂಪನಿಯವರೇ ಕಿಟ್ ಕೊಟ್ಟಿದ್ದಾರೆ, ಇನ್ನೇನು ಬೇಡ.

ವಾಸ್ತವ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಸ ವಾಹನದ ಜೊತೆ ಫಸ್ಟ್ ಏಡ್ ಕಿಟ್ ಬರುತ್ತದೆ. ಆ ಪಟ್ಟಿಯಲ್ಲಿ ಆಂಟಿಸೆಪ್ಟಿಕ್ ಕ್ರೀಮ್, ಸಣ್ಣಪುಟ್ಟ ಗಾಯ ಮುಚ್ಚುವ ಪ್ಯಾಡ್, ಪ್ಲಾಸ್ಟರ್, ಗಾಜ್, ಎಳೆದರೆ ಹಿಗ್ಗುವ ಬ್ಯಾಂಡೇಜ್ ಇವೆ. ಇವು ತರಚು ಗಾಯದ ಸಾಮಾನು. ಹೆದ್ದಾರಿಯಲ್ಲಿ ಆಗುವ ಪೆಟ್ಟು ಹಾಗಿರುವುದಿಲ್ಲ. ಅದಕ್ಕೆ ದೊಡ್ಡ ಪ್ಯಾಡ್ ನಾಲ್ಕಾದರೂ ಬೇಕು. ಎರಡು ತ್ರಿಕೋನ ಬ್ಯಾಂಡೇಜ್, ಎರಡು ಮೂರು ಜೊತೆ ಗ್ಲೌಸ್, ಬಟ್ಟೆ ಕತ್ತರಿಸುವ ಗಟ್ಟಿ ಕತ್ತರಿ, ಒಂದು ಟಾರ್ಚ್ ಇರಲಿ.

ಕಾರಿನ ಪೆಟ್ಟಿಗೆಯ ಅಳತೆ ಹಾಕುವಾಗ ಕಾರಿನೊಳಗೆ ಕೂರುವವರನ್ನು ಮಾತ್ರ ಎಣಿಸಿದರೆ ಸಾಲದು. ದಾರಿಯಲ್ಲಿ ಬಿದ್ದ ಬೈಕಿನವನಿಗೂ ಅದೇ ಪೆಟ್ಟಿಗೆ ತೆರೆಯಬೇಕಾಗಬಹುದು. ‘ಮುಟ್ಟಿದರೆ ಪೊಲೀಸ್ ಕೇಸು’ ಎಂಬ ಹಳೆಯ ಅಂಜಿಕೆಗೆ ಈಗ ಕಾರಣವಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ಇನ್ನೊಂದು ಮಾತು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕ್ರೀಮು ಕರಗುತ್ತದೆ, ಬ್ಯಾಂಡ್‌ಏಡ್‌ನ ಅಂಟು ಸತ್ತುಹೋಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಂತೂ ಹೇಳುವುದೇ ಬೇಡ. ಡ್ಯಾಶ್‌ಬೋರ್ಡ್ ಮೇಲೆ, ಹಿಂಗಾಜಿನ ಕೆಳಗೆ ಇಡಬೇಡಿ. ಸೀಟಿನ ಅಡಿಯ ನೆರಳು ವಾಸಿ.

ತಪ್ಪು ಕಲ್ಪನೆ 5: ಬ್ಯಾಂಡೇಜ್ ಅಂದರೆ ಬ್ಯಾಂಡೇಜ್, ಯಾವುದಾದರೇನು?

ವಾಸ್ತವ: ಪೆಟ್ಟಿಗೆಯ ಗಾತ್ರದಷ್ಟೇ ಒಳಗಿನ ಸಾಮಾನಿನ ಗಾತ್ರವೂ ಮುಖ್ಯ. ಮೆಡಿಕಲ್ ಶಾಪಿನಲ್ಲಿ ‘ಒಂದು ಬ್ಯಾಂಡೇಜ್ ಕೊಡಿ’ ಎಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಅಗಲ ಹೇಳಿ ಕೇಳಬೇಕು. ಬೆರಳಿಗೆ 5 ಸೆಂ.ಮೀ. ಸಾಕು. ಅಂಗೈ, ಮುಂಗೈಗೆ 7.5 ಸೆಂ.ಮೀ., ಮೊಣಕಾಲು, ಮೀನಖಂಡಕ್ಕೆ 10 ಸೆಂ.ಮೀ., ತೊಡೆಗೆ 15 ಸೆಂ.ಮೀ. ಬೇಕು. ಬೆರಳಿಗೆ ಅಗಲದ್ದು ಸುತ್ತಿದರೆ ಮುದ್ದೆಯಾಗಿ ಜಾರುತ್ತದೆ. ತೊಡೆಗೆ ಕಿರಿದನ್ನು ಬಿಗಿದರೆ ಹಗ್ಗದಂತೆ ಕೊರೆಯುತ್ತದೆ. ಉಳುಕಿಗೆ ಬೇಕಾದ್ದು ಹಿಗ್ಗುವ ಕ್ರೇಪ್ ಬ್ಯಾಂಡೇಜ್. ಅದೇ ಬೇರೆ, ಗಾಯಕ್ಕೆ ಸುತ್ತುವ ಗಾಜ್ ರೋಲೇ ಬೇರೆ.

ಒಂದೇ ಸಾಮಾನು ಹತ್ತು ಕೆಲಸಕ್ಕೆ ಒದಗಬೇಕೆಂದರೆ ತ್ರಿಕೋನ ಬ್ಯಾಂಡೇಜ್‌ಗೆ ಸಾಟಿಯಿಲ್ಲ. ಒಂದು ಮೀಟರ್ ಚದರದ ಹತ್ತಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಸಿಗುತ್ತವೆ. ಮುರಿದ ಕೈಗೆ ಕೊರಳಿನಿಂದ ಜೋಲಿ, ಮಡಿಸಿದರೆ ಅಗಲದ ಪಟ್ಟಿ, ಇನ್ನೂ ಮಡಿಸಿದರೆ ಪ್ಯಾಡ್, ತಲೆಗೆ ಕಟ್ಟಿದರೆ ರುಮಾಲು. ಹಳೆಯ ಪಂಚೆ ಒಗೆದು ಕತ್ತರಿಸಿದರೂ ಆದೀತು. ಪೆಟ್ಟಿಗೆಯನ್ನು ಚಿಕ್ಕದಾಗಿಸುವ ಗುಟ್ಟು ಇಂಥ ಬಹೂಪಯೋಗಿ ಬಟ್ಟೆಯಲ್ಲಿದೆ.

ತಪ್ಪು ಕಲ್ಪನೆ 6: ಒಂದು ಉಂಡೆ ಹತ್ತಿ, ಒಂದು ಬಾಟಲಿ ಟಿಂಚರ್ ಇದ್ದರೆ ಆಯಿತು. ನಮ್ಮಜ್ಜನ ಕಾಲದಿಂದ ನಡೆದುಬಂದಿದೆ.

ವಾಸ್ತವ: ಹತ್ತಿಯ ಎಳೆ ಹಸಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸುವಾಗ ನೋವು, ಉಳಿದ ಎಳೆಯಿಂದ ಕೀವು. ಗಾಯದ ಮೇಲೆ ಮೊದಲು ಗಾಜ್, ಬೇಕಿದ್ದರೆ ಅದರ ಮೇಲೆ ಹತ್ತಿ. ಗಾಯ ತೊಳೆಯಲು ಶುದ್ಧ ನೀರಿಗಿಂತ ದೊಡ್ಡ ಔಷಧಿ ಬೇಡ. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಟೂತ್‌ಪೇಸ್ಟ್, ಇಂಕು, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರುಮಾಡಬೇಕು. ಎಂದರೆ, ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಬಾಟಲಿಗಳ ಸಾಲಿಗಿಂತ ಒಂದು ಸೋಪಿನ ತುಂಡಿಗೆ ಹೆಚ್ಚು ಹಕ್ಕಿದೆ.

ತಪ್ಪು ಕಲ್ಪನೆ 7: ಕಾಡಿಗೆ, ತೋಟಕ್ಕೆ ಹೋಗುವವರು ಹಾವಿನ ಕಿಟ್ ಇಟ್ಟುಕೊಳ್ಳಬೇಕು.

ವಾಸ್ತವ: ಹಾವಿನ ವಿಷಕ್ಕೆ ಮದ್ದು ಪ್ರತಿವಿಷ ಒಂದೇ. ಅದು ಆಸ್ಪತ್ರೆಯಲ್ಲಿ ಮಾತ್ರ ಕೊಡುವಂಥದ್ದು, ಎಷ್ಟು ದೊಡ್ಡ ಪೆಟ್ಟಿಗೆಯಲ್ಲೂ ಇಟ್ಟುಕೊಳ್ಳುವಂಥದ್ದಲ್ಲ. ಹಳೆಯ ಕಾರ್ಖಾನೆ ನಿಯಮಗಳ ಪಟ್ಟಿಗಳಲ್ಲಿ ಹಾವು ಕಚ್ಚಿದ ಜಾಗ ಕೊಯ್ಯಲು ಪುಟ್ಟ ಚಾಕುವನ್ನೂ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳನ್ನೂ ಸೇರಿಸಿದ್ದುಂಟು. ಇಂದಿನ ವೈದ್ಯಕೀಯ ಇವೆರಡನ್ನೂ ಬೇಡವೆನ್ನುತ್ತದೆ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಎಲ್ಲವೂ ಹಾನಿ. ಕಚ್ಚಿಸಿಕೊಂಡವರನ್ನು ಓಡಾಡಿಸದೆ, ಕೈಕಾಲು ಅಲುಗಾಡದಂತೆ ಆಧಾರ ಕೊಟ್ಟು, ಉಂಗುರ, ಬಳೆ, ಕಾಲುಂಗುರ ತೆಗೆದು, ಬೇಗ ಆಸ್ಪತ್ರೆ ಮುಟ್ಟಿಸಬೇಕು. ಆಧಾರಕ್ಕೆ ಎರಡು ತ್ರಿಕೋನ ಬ್ಯಾಂಡೇಜ್, ಒಂದು ಕಡ್ಡಿ ಸಾಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇರುತ್ತದೆ ಎಂದು ಮೊದಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಪೆಟ್ಟಿಗೆ ಮಾಡಬಹುದಾದ ಹಾವಿನ ಚಿಕಿತ್ಸೆ ಅಷ್ಟೇ.

ಕುಮಾರಪರ್ವತ, ಕೊಡಚಾದ್ರಿ ಹತ್ತುವವರು ಹೆಚ್ಚು ಹೆದರುವ ಇಂಬಳಕ್ಕೂ ವಿಶೇಷ ಕಿಟ್ ಬೇಡ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಕಚ್ಚಿದ ಜಾಗ ಬಹಳ ಹೊತ್ತು ಸೋರುತ್ತದೆ. ನೋಡಲು ಭಯ, ಅಪಾಯ ಕಡಿಮೆ. ತೊಳೆದು, ಗಾಜ್ ಇಟ್ಟು ಬಿಗಿಯಾಗಿ ಕಟ್ಟಿದರೆ ಆಯಿತು. ಆ ದಾರಿಯಲ್ಲಿ ಕೈಕೊಡುವುದು ಕಣಕಾಲು ಮತ್ತು ನೀರು. ಕ್ರೇಪ್ ಬ್ಯಾಂಡೇಜ್, ಓಆರ್‌ಎಸ್ ಮರೆಯಬೇಡಿ.

ತಪ್ಪು ಕಲ್ಪನೆ 8: ಎಲ್ಲ ಬಗೆಯ ಮಾತ್ರೆ ತುಂಬಿದರೆ ಪೆಟ್ಟಿಗೆ ಪೂರ್ತಿಯಾಯಿತು.

ವಾಸ್ತವ: ನಮ್ಮ ಬಿಸ್ಕತ್ತಿನ ಡಬ್ಬಿಯನ್ನು ಕೆಡಿಸಿದ್ದು ಇದೇ. ಪ್ರಥಮ ಚಿಕಿತ್ಸೆ ಎಂದರೆ ಬಟ್ಟೆ, ನೀರು, ಕೈ. ಔಷಧಿ ಆಮೇಲಿನ ಮಾತು. ಕಾರ್ಖಾನೆ ಕಾಯ್ದೆಯೂ ಆ ಪೆಟ್ಟಿಗೆಯಲ್ಲಿ ಗೊತ್ತುಪಡಿಸಿದ ಸಾಮಾನಿನ ಹೊರತು ಬೇರೇನೂ ಇರಕೂಡದು ಎಂದು ಹೇಳಿತ್ತು. ಉಳಿದ ಆಂಟಿಬಯೋಟಿಕ್ ಅನ್ನು ‘ಇನ್ನೊಮ್ಮೆ ಬೇಕಾದೀತು’ ಎಂದು ಇಡಬೇಡಿ. ಡೆಂಗಿ ಇರಬಹುದಾದ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್, ಓಆರ್‌ಎಸ್, ಮನೆಯವರಿಗೆ ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಅಥವಾ ತುರ್ತು ಮಾತ್ರೆ ಇಷ್ಟಿರಲಿ. ಓಆರ್‌ಎಸ್ ಕೊಳ್ಳುವಾಗಲೂ ಅಳತೆ ನೋಡಿ. 1 ಲೀಟರ್ ನೀರಿನ ಪೊಟ್ಟಣ ಬೇರೆ, 200 ಮಿ.ಲೀ.ನದು ಬೇರೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ತೊಂದರೆಯಾಗುತ್ತದೆ.

ಹಾಗಾದರೆ ಏನು, ಎಷ್ಟು?

ಜನ, ಕೆಲಸ, ದೂರ ಮೂರನ್ನೂ ಇಟ್ಟುಕೊಂಡು ನಾನು ಹಾಕಿದ ಲೆಕ್ಕ ಹೀಗಿದೆ. ನಿಮ್ಮ ಮನೆಗೆ ತಕ್ಕಂತೆ ಕೂಡಿಸಿ, ಕಳೆಯಿರಿ.

ಸಣ್ಣದು (ಬೈಕು, ಬ್ಯಾಗು, ಒಂದು ದಿನದ ಚಾರಣ): ಬ್ಯಾಂಡ್‌ಏಡ್ 8, ಅಂಗೈಗಾತ್ರದ ಸ್ಟೆರೈಲ್ ಗಾಜ್ 4, 7.5 ಸೆಂ.ಮೀ. ರೋಲ್ 1, ಕ್ರೇಪ್ 1, ತ್ರಿಕೋನ ಬ್ಯಾಂಡೇಜ್ 1, ಗ್ಲೌಸ್ 1 ಜೊತೆ, ಓಆರ್‌ಎಸ್ 2, ಅಂಟುಪಟ್ಟಿ, ಪುಟ್ಟ ಕತ್ತರಿ, ಸೋಪಿನ ತುಂಡು.

ನಡುವಿನದು (ನಾಲ್ಕಾರು ಜನರ ಮನೆ, ಸಣ್ಣ ಕಚೇರಿ): ಬ್ಯಾಂಡ್‌ಏಡ್ 20, ಗಾಜ್ 10, ದೊಡ್ಡ ಪ್ಯಾಡ್ 4, ಮೂರು ಅಗಲದ ರೋಲ್ ಎರಡೆರಡು, ಕ್ರೇಪ್ 2, ತ್ರಿಕೋನ ಬ್ಯಾಂಡೇಜ್ 2, ಗ್ಲೌಸ್ 3 ಜೊತೆ, ಓಆರ್‌ಎಸ್ 4, ಪೊವಿಡೋನ್ ಅಯೋಡಿನ್ ಮುಲಾಮು, ಥರ್ಮಾಮೀಟರ್, ಚಿಮಟ, ಕತ್ತರಿ, ಪ್ಯಾರಾಸಿಟಮಾಲ್.

ದೊಡ್ಡದು (ತೋಟ, ವರ್ಕ್‌ಶಾಪ್, ಶಾಲೆ, ಒಂಟಿಮನೆ): ನಡುವಿನದರ ಎಲ್ಲವೂ ಎರಡರಷ್ಟು. ಜೊತೆಗೆ 15 ಸೆಂ.ಮೀ. ರೋಲ್, ಕಣ್ಣಿಗೆ ಧೂಳು, ಕೀಟನಾಶಕ ಸಿಡಿದರೆ ತೊಳೆಯಲು ಸೀಲ್ ಮಾಡಿದ ನೀರಿನ ಬಾಟಲಿಗಳು, ಕೈಕಾಲಿಗೆ ಆಧಾರ ಕೊಡುವ ಪಟ್ಟಿ, ಟಾರ್ಚ್, ಕಂಬಳಿ.

ಎಲ್ಲದರ ಮುಚ್ಚಳದ ಒಳಗೂ 108 ಮತ್ತು 112, ಹತ್ತಿರದ ಆಸ್ಪತ್ರೆಯ ನಂಬರ್, ಮನೆಯವರಲ್ಲಿ ಯಾರಿಗೆ ಯಾವ ಔಷಧಿ ಆಗದು ಎಂಬ ಒಂದು ಸಾಲು ಇರಲಿ.

ತಪ್ಪು ಕಲ್ಪನೆ 9: ಒಮ್ಮೆ ಕೊಂಡರೆ ಚಿಂತೆಯಿಲ್ಲ.

ವಾಸ್ತವ: ಪೆಟ್ಟಿಗೆ ತಾನಾಗಿ ಚಿಕ್ಕದಾಗುತ್ತ ಹೋಗುತ್ತದೆ. ಮಗ ಕ್ರಿಕೆಟ್ ಆಡಿ ಬಂದು ಕ್ರೇಪ್ ಒಯ್ಯುತ್ತಾನೆ, ಕತ್ತರಿ ಹೊಲಿಗೆ ಡಬ್ಬಿಗೆ ಸೇರುತ್ತದೆ, ಅಂಟುಪಟ್ಟಿ ಪಾರ್ಸೆಲ್ಲಿಗೆ ಮುಗಿಯುತ್ತದೆ. ಸ್ಟೆರೈಲ್ ಪ್ಯಾಡಿನ ಹೊದಿಕೆ ಹರಿದರೆ, ನೆನೆದರೆ ಅದು ಬರೀ ಬಟ್ಟೆ. ಬಚ್ಚಲುಮನೆಯ ಕಪಾಟು, ಒಲೆಯ ಮೇಲಿನ ಗೂಡು ಎರಡೂ ಬೇಡ.

ಬಳಸಲು ಬರದಿದ್ದರೆ ತುಂಬಿದ ಪೆಟ್ಟಿಗೆಯೂ ಖಾಲಿಯೇ. ಪ್ರತಿ ಪೆಟ್ಟಿಗೆಗೂ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆದವರೊಬ್ಬರು ಕೆಲಸದ ಹೊತ್ತಿನಲ್ಲೆಲ್ಲ ಕೈಗೆ ಸಿಗುವಂತಿರಬೇಕು ಎಂದು ಕಾರ್ಖಾನೆ ಕಾಯ್ದೆ ಕೇಳಿದ್ದು ಇದಕ್ಕೇ. ಮನೆಗೆ ಪ್ರಮಾಣಪತ್ರ ಬೇಡ. ಒತ್ತಿ ಹಿಡಿಯುವುದು, ಸುತ್ತಿ ಕಟ್ಟುವುದು, ಜೋಲಿ ಹಾಕುವುದು ಇಷ್ಟನ್ನು ಮನೆಯ ಇಬ್ಬರಾದರೂ ಒಂದು ಭಾನುವಾರ ಕಲಿತಿಟ್ಟುಕೊಳ್ಳಲಿ.

ತಪಾಸಣೆಯ ದಿನ ನೆನಪಿಡಲು ಬೇರೆ ಕ್ಯಾಲೆಂಡರ್ ಬೇಡ. ಆಯುಧಪೂಜೆಯಂದು ಕತ್ತಿ, ಕುಡುಗೋಲು, ಬೈಕು, ಕಾರು ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತೇವೆ. ಆ ಆಯುಧಗಳಿಂದಾಗುವ ಗಾಯ ಕಟ್ಟುವ ಪೆಟ್ಟಿಗೆಯನ್ನೂ ಅಂದೇ ತೆರೆದು, ಅವಧಿ ಮುಗಿದದ್ದನ್ನು ತೆಗೆದು, ಕಡಿಮೆಯಾದದ್ದನ್ನು ತುಂಬಿ. ಯುಗಾದಿಗೆ ಇನ್ನೊಮ್ಮೆ. ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಸೂಜಿ ದಾರ ಇದೆ. ಫ್ರಿಜ್ ಮೇಲಿರುವ ಹೊಸ ಪೆಟ್ಟಿಗೆ ಅದಕ್ಕಿಂತ ಚಿಕ್ಕದು. ಅದನ್ನು ತೆರೆದ ಕೂಡಲೇ ಮೊದಲು ಕೈಗೆ ಸಿಗುವುದು ದೊಡ್ಡ ಪ್ಯಾಡ್.